ಚೂಡಾಮಣಿ ಹಾಸ್ಟೆಲ್ ಸೇರಿದ್ದು

ಚೂಡಾಮಣಿ ಬೆಂಗಳೂರಿನ ಕಾಲೇಜಿನಲ್ಲಿ ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಹುಡುಗಿಯರೆಲ್ಲ ಎದ್ದು ನಿಂತರು. ಹೊಸ ಲೆಕ್ಚರರ್ ಬಂದರೆಂದೇ ಎಲ್ಲರೂ ತಿಳಿದಿದ್ದರು. ಅವಳು ತಲೆ ತಗ್ಗಿಸಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತ ಮೇಲೆ ಒಬ್ಬೊಬ್ಬರಾಗಿ ಕೂತರು. ಯಾರೋ ಕಿಸಕ್ಕನೆ ನಕ್ಕರು. ಅವಳಿಗಾಗ ಮೂವತ್ತೇಳು ವರ್ಷ.

ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ಮೈಸೂರಿನಲ್ಲಿ ಅಣ್ಣ ಚಕ್ರಪಾಣಿಯ ಮನೆ ಸೇರಿದವಳು ಅವಳು. ಅಣ್ಣನ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಹೇಳಿಕೊಡುತ್ತಲೇ ತನಗೂ ಓದಿನ ರುಚಿ ಹತ್ತಿತು. ಮನೆಯಿಂದಲೇ ಎಸ್.ಎಸ್.ಎಲ್.ಸಿ. ಕಟ್ಟಿ ಪಾಸಾದಳು, ಹಟ ಹಿಡಿದು ಕಾಲೇಜಿಗೂ ಸೇರಿದಳು. ಬಿ.ಎಸ್ಸಿ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅಣ್ಣನಿಗೆ ರಾಯಚೂರಿಗೆ ವರ್ಗವಾಯಿತು. ಮೈಸೂರಿನ ಮನೆ ಖಾಲಿ ಮಾಡಬೇಕಾಯಿತು. ಓದು ಬಿಡುವುದಕ್ಕೆ ಚೂಡಾಮಣಿ ಒಪ್ಪಲಿಲ್ಲ. ಟಿ.ಸಿ. ತೆಗೆದುಕೊಂಡು 1960ರ ಜೂನಿನಲ್ಲಿ ಬೆಂಗಳೂರಿನ ಈ ಕಾಲೇಜಿಗೆ ಬಂದಳು; ಬಸವನಗುಡಿಯಲ್ಲಿ ದೊಡ್ಡಪ್ಪನ ಮಗ ಶಾಮಣ್ಣನ ಮನೆಯಲ್ಲಿ ಇಳಿದುಕೊಂಡಳು.

ಶಾಮಣ್ಣನಾಗಲಿ ಅವನ ಹೆಂಡತಿ ಅಮ್ಮಣ್ಣಿಯಾಗಲಿ ಕೆಟ್ಟವರಲ್ಲ. ಆದರೆ ತುಂಬಿದ ಮನೆ, ದಿನ ಬೆಳಗಾದರೆ ನೆಂಟರು. "ಚೂಡಾ, ಒಂದು ಚೂರು ಒಗ್ಗರಣೆ ನೋಡ್ಕೋತೀಯಾ?" ಎಂದು ಅತ್ತಿಗೆ ಪ್ರೀತಿಯಿಂದ ಕೂಗಿದರೆ ಪುಸ್ತಕ ಮುಚ್ಚದೆ ಇರಲಾಗುತ್ತದೆಯೇ? ದಸರಾ ರಜ ಮುಗಿಯುವ ಹೊತ್ತಿಗೆ, ಓದುವುದಕ್ಕೆಂದು ಬಂದ ತಾನು ಈ ಮನೆಯಲ್ಲಿ ಓದುತ್ತಿರುವುದು ತೀರಾ ಕಡಿಮೆ ಎಂಬುದು ಅವಳಿಗೆ ಅರ್ಥವಾಗಿತ್ತು. ಬೇರೆ ಜಾಗ ಹುಡುಕತೊಡಗಿದಳು.

ಮೊದಲು ಸಿಕ್ಕಿದ್ದು ಯಡಿಯೂರಿನಲ್ಲಿ ಮುನಿವೆಂಕಟಮ್ಮನ ಹಿತ್ತಿಲ ಕೋಣೆ. ಮುನಿವೆಂಕಟಮ್ಮನ ಹೊಲವೆಲ್ಲ ಜಯನಗರದ ಸೈಟುಗಳಾಗಿ ಹೋಗಿ, ಮನೆ, ಎರಡು ಎಮ್ಮೆ ಮಾತ್ರ ಉಳಿದಿದ್ದವು. ಸಾರಿಸಿದ ನೆಲ, ಪುಟ್ಟ ಕಿಟಕಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ. ಹುಟ್ಟಿದಾಗಿನಿಂದ ತನಗೆಂದೇ ಒಂದು ಬಾಗಿಲು ಇರದಿದ್ದ ಚೂಡಾಮಣಿ ಆ ಚಿಲಕವನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

"ಇಲ್ಲಿ ಯಾರೂ ನಿನ್ನ ತಂಟೆಗೆ ಬರಾಕಿಲ್ಲ ಕಣವ್ವ. ಎಮ್ಮೆ ಕೂಗಿದ್ರೆ ಅಷ್ಟೆ," ಎಂದಳು ಮುನಿವೆಂಕಟಮ್ಮ.

ಅಲ್ಲಿಗೇ ಬರುವುದೆಂದು ಚೂಡಾಮಣಿ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೂ ಆಗಿತ್ತು. ಆದರೆ ಕಾಲೇಜಿನವರು, ಹಾಸ್ಟೆಲನ್ನೂ ಒಮ್ಮೆ ನೋಡಿಬನ್ನಿ ಎಂದಿದ್ದರು. ಬೇಡವೆಂದು ಎದುರಿಗೇ ಹೇಳಿಬರೋಣ, ಅದೇ ಮರ್ಯಾದೆ ಎಂದುಕೊಂಡು ಒಂದು ಸಂಜೆ ಹೊರಟಳು.

ಹಾಸ್ಟೆಲ್ ಅಂದರೆ ಜಯನಗರದಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ದೊಡ್ಡ ಮನೆ. ಸುತ್ತಲೂ ಅಗಲವಾದ ರಸ್ತೆಗಳು, ರಸ್ತೆಗಳ ಪಕ್ಕದಲ್ಲಿ ಮನೆಗಳೇ ಇಲ್ಲ. ಕಲ್ಲು ನೆಟ್ಟ ಸೈಟುಗಳು, ನಡುವೆ ಅಲ್ಲೊಂದು ಇಲ್ಲೊಂದು ದೀಪ. ವಾರ್ಡನ್ ಸೀತಮ್ಮ ಅವಳಿಗಿಂತ ಐದಾರು ವರ್ಷ ಚಿಕ್ಕವರು. ಏನೆಂದು ಮಾತಾಡಿಸುವುದೋ ತಿಳಿಯದೆ ಅವರೇ ಸಂಕೋಚಪಟ್ಟುಕೊಂಡರು.

"ಮೇಲೆ ಹುಡುಗೀರು ಮೂರು-ನಾಲ್ಕು ಜನ ಒಂದೊಂದು ರೂಮಲ್ಲಿದ್ದಾರೆ. ನಿಮಗೆ ಅಲ್ಲಿ ಕಷ್ಟ ಆಗುತ್ತೆ. ಕೆಳಗೆ ನನ್ನ ಪಕ್ಕದ ರೂಮನ್ನ ಬಿಡಿಸಿಕೊಡ್ತೀನಿ. ಅವರ ಮೇಲೆ ನೀವೂ ಸ್ವಲ್ಪ ಕಣ್ಣಿಟ್ಟ ಹಾಗಾಗುತ್ತೆ."

ಇಲ್ಲಿಯೂ ಮನೆಯ ಹಿರಿಯಳ ಪಟ್ಟವೇ ಕಾದಿದೆ ಎಂದು ಚೂಡಾಮಣಿಗೆ ಒಳಗೊಳಗೇ ನಗು ಬಂತು. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ತಾರಸಿಯಿಂದ ಕೂಗು ಕೇಳಿಸಿತು: "ಮೇಡಂ, ಬಲೂನ್ ಬಂತು! ಬೇಗ ಬನ್ನಿ!"

ಅಮೆರಿಕದವರು ರಾಕೆಟ್ಟಿನಲ್ಲಿ ಆಕಾಶಕ್ಕೆ ಹಾರಿಸಿದ್ದ, ಉಪಗ್ರಹದಂತೆ ಭೂಮಿಯನ್ನೇ ಸುತ್ತುವ ದೊಡ್ಡ ಬಲೂನಿನ ಸುದ್ದಿ ಪೇಪರಿನಲ್ಲಿ ಬಂದಿತ್ತು. ಸೀತಮ್ಮ ನೆರಿಗೆ ಎತ್ತಿಕೊಂಡು ಮೆಟ್ಟಿಲಿನತ್ತ ಓಡಿದರು. ಚೂಡಾಮಣಿಯೂ ಹಿಂದೆಯೇ ಓಡಿದಳು. ಎಷ್ಟು ವರ್ಷಗಳಾಗಿದ್ದವೋ ಅವಳು ಓಡಿ!

ತಾರಸಿಯ ತುಂಬ ಹುಡುಗಿಯರು. ಒಬ್ಬಳು ಅವಳ ತೋಳನ್ನು ಹಿಡಿದು ಎಳೆದುಕೊಂಡಳು. "ಅಲ್ಲಿ ನೋಡ್ರೀ, ಕೆರೆ ಕಡೆಯಿಂದ! ನಡೀತಾ ಇದೆ ನೋಡಿ!"

ನಿಜಕ್ಕೂ ನಡೆಯುತ್ತಿತ್ತು. ಯಾವ ನಕ್ಷತ್ರಕ್ಕೂ ಕಡಿಮೆಯಿಲ್ಲದ ಬೆಳಕು, ಸದ್ದಿಲ್ಲದೆ, ಅವಸರವಿಲ್ಲದೆ, ಚುಕ್ಕಿಗಳ ನಡುವೆ ದಾರಿ ಮಾಡಿಕೊಂಡು ನೆತ್ತಿಯ ಮೇಲಕ್ಕೆ ಬಂತು. ಮನುಷ್ಯರು ಕೈಯಾರೆ ಮಾಡಿದ ವಸ್ತು! ಚೂಡಾಮಣಿಗೆ ಮೈ ಜುಮ್ಮೆಂದಿತು. ಬೆಳಕು ಭೈರಸಂದ್ರದ ಕಡೆಗೆ ಇಳಿಯತೊಡಗಿತು; ಇನ್ನೂ ಆಕಾಶದ ನಡುವೆಯೇ ಇರುವಾಗ ಮಂಕಾಗಿ, ಆರಿಯೇ ಹೋಯಿತು.

"ಅಯ್ಯೋ, ಒಡೆದುಹೋಯ್ತು!" ಎಂದರು ಹುಡುಗಿಯರು.

"ಒಡೆದಿಲ್ಲ," ಎಂದುಬಿಟ್ಟಳು ಚೂಡಾಮಣಿ. "ಅದಕ್ಕೆ ಸ್ವಂತ ಬೆಳಕೆಲ್ಲಿದೆ? ಸೂರ್ಯ ನಮಗೆ ಮುಳುಗಿದಾನೆ, ಅಷ್ಟು ಎತ್ತರದಲ್ಲಿ ಅದಕ್ಕಿನ್ನೂ ಮುಳುಗಿರಲಿಲ್ಲ. ಈಗ ಭೂಮಿಯ ನೆರಳೊಳಗೆ ಹೋಯ್ತು."

ಹೇಳಿದ ಮೇಲೆ ಆ ಮಾತು ಅವಳಿಗೇ ತಟ್ಟಿತು. ತಾನು ನಿಂತ ನೆಲದ ನೆರಳು! ಅದು ಆಕಾಶದಲ್ಲಿ ಎಲ್ಲಿಯವರೆಗೆ ಚಾಚಿಕೊಂಡಿದೆ! ಇಷ್ಟು ವರ್ಷ ಆ ನೆರಳಿನ ಬುಡದಲ್ಲೇ ಕೂತು ದೀಪ ಹಚ್ಚಿದ್ದಳು, ಒಮ್ಮೆಯೂ ತಲೆಯೆತ್ತಿ ಹೀಗೆ ನೋಡಿರಲಿಲ್ಲ. ಕಣ್ಣು ತುಂಬಿಬಂತು.

"ಅದ್ಹೇಗೆ ಹೇಳ್ತೀರಿ? ಹಾಗಿದ್ರೆ ಅಲ್ಲಿರೋ ನಕ್ಷತ್ರ ಯಾಕೆ ಆರಲಿಲ್ಲ?" ಎಂದು ತೋಳು ಹಿಡಿದಿದ್ದ ಹುಡುಗಿ ಸವಾಲು ಹಾಕಿದಳು. ಅವಳು ಆನೇಕಲ್ಲಿನ ಲಕ್ಷ್ಮಿದೇವಮ್ಮ, ಹದಿನೆಂಟರವಳು. ಮತ್ತೊಬ್ಬಳು ನಡುವೆ ಬಾಯಿ ಹಾಕಿದಳು. ಮೂವರೂ ಒಟ್ಟಿಗೆ ಮಾತಾಡಿದರು. ಇಟ್ಟಿಗೆ ಚೂರಿನಿಂದ ತಾರಸಿಯ ಮೇಲೆ ಸೂರ್ಯ, ಭೂಮಿ, ನೆರಳು ಎಲ್ಲ ಬರೆದದ್ದಾಯಿತು. ಚೂಡಾಮಣಿ ಎಳೆದ ಗೆರೆಯನ್ನು ಲಕ್ಷ್ಮಿದೇವಮ್ಮ ಕಾಲಿನಿಂದ ಅಳಿಸಿ, "ತಪ್ಪು ರೀ, ನೆರಳು ಹೀಗೆ ಬೀಳಲ್ಲ," ಎಂದು ತಿದ್ದಿದಳು. ಅವಳು ತಿದ್ದಿದ್ದೇ ಸರಿಯಾಗಿತ್ತು. ಚೂಡಾಮಣಿಗೆ ಮರುಕ ತೋರಿಸಿದವರಿದ್ದರು, ಗದರಿಸಿದವರಿದ್ದರು. ಹೀಗೆ ಸಮಸಮಕ್ಕೆ ನಿಂತು ವಾದ ಮಾಡಿದವರು ಅಲ್ಲಿಯತನಕ ಒಬ್ಬರೂ ಇರಲಿಲ್ಲ.

ಮೆಟ್ಟಿಲಿಳಿಯುವಾಗ ಸೀತಮ್ಮ ಕೇಳಿದರು, "ಕೆಳಗಿನ ರೂಮು ಗುಡಿಸೋಕೆ ಹೇಳಲಾ?"

"ಬೇಡ ಬಿಡಿ. ಲಕ್ಷ್ಮಿದೇವಮ್ಮ ಹೇಳಿದಳು, ಈ ಹುಡುಗೀರ ರೂಮಲ್ಲೇ ಒಂದು ಮಂಚ ಖಾಲಿ ಇದೆಯಂತೆ."

"ಅವರು ವಟವಟ ಅಂತಾನೇ ಇರ್ತಾರೆ. ನಿಮಗೆ ನಿದ್ದೆ ಬರಲ್ಲ."

"ಬರದಿದ್ದರೆ ಬೇಡ."

ಮಾರನೆಯ ದಿನ ಯಡಿಯೂರಿಗೆ ಹೋಗಿ ಕೋಣೆ ಬೇಡವೆಂದು ಹೇಳಿದಳು. ಮುನಿವೆಂಕಟಮ್ಮ ಬೇಸರಪಟ್ಟುಕೊಳ್ಳಲಿಲ್ಲ. "ನಾನೂ ನೋಡ್ದೆ ಕಣವ್ವ ಅದನ್ನ. ದೇವ್ರು ಲಾಟೀನು ಹಿಡ್ಕಂಡು ಹೊಂಟವ್ನೆ ಅನ್ಕಂಡಿದ್ದೆ. ಹೋಗು, ಓದೋರ ಜೊತೆ ಇರು," ಎಂದು ಒಂದು ಗಿಂಡಿ ಮಜ್ಜಿಗೆ ಕೊಟ್ಟಳು. ಬಸವನಗುಡಿಯಲ್ಲಿ ಅಮ್ಮಣ್ಣಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಚಕ್ಕುಲಿ ಡಬ್ಬಿ ತುಂಬಿ ಜಟಕಾದಲ್ಲಿಟ್ಟಳು.

ಹಾಸ್ಟೆಲ್ ಸುಲಭವಾಗೇನೂ ಇರಲಿಲ್ಲ. ಸ್ನಾನದ ಮನೆಗೆ ಸಾಲು. ರೂಮಿನಲ್ಲಿ ಸಿನಿಮಾ ಹಾಡು. ಗಣಿತದ ಮೊದಲ ಟೆಸ್ಟಿನಲ್ಲಿ ಚೂಡಾಮಣಿ ಫೇಲಾದಳು. ಆಮೇಲೆ ತಿಂಗಳುಗಟ್ಟಲೆ ಲಕ್ಷ್ಮಿದೇವಮ್ಮನೇ ಅವಳನ್ನು ಕೂರಿಸಿಕೊಂಡು, ರೇಗಾಡಿಕೊಂಡು, ಲೆಕ್ಕ ಮಾಡಿಸಿದಳು. ಹುಡುಗಿಯರು ಅವಳನ್ನು ಅಕ್ಕ ಎನ್ನಲಿಲ್ಲ, ಅಮ್ಮ ಎನ್ನಲಿಲ್ಲ. ಚೂಡಾಮಣಿ ಎಂದೇ ಕರೆದರು. ಆ ಹೆಸರು ಇಷ್ಟು ಚೆನ್ನಾಗಿದೆಯೆಂದು ಅವಳಿಗೆ ಗೊತ್ತಾದದ್ದೇ ಆಗ.

ಎರಡನೆಯ ದರ್ಜೆಯಲ್ಲಿ ಬಿ.ಎಸ್ಸಿ. ಮುಗಿಸಿ, ಆಮೇಲೆ ಬಿ.ಎಡ್. ಮಾಡಿಕೊಂಡು, ಬನಶಂಕರಿಯ ಕಡೆ ಹೊಸದಾಗಿ ತೆರೆದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರಾದಳು. ಮೊದಲ ಪಾಠಕ್ಕೆ ಅವಳು ಒಳಗೆ ಹೋದಾಗ ಮಕ್ಕಳು ಎದ್ದು ನಿಂತರು. ಅವಳು ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, "ಕೂತ್ಕೊಳ್ರಮ್ಮ, ನಾನು ತಪ್ಪು ಹೇಳಿದ್ರೆ ತಿದ್ದಬೇಕು, ಆಯ್ತಾ?" ಎಂದು ಸೀಮೆಸುಣ್ಣ ಕೈಗೆತ್ತಿಕೊಂಡಳು.