ಹಾಲಪ್ಪ ಕಲಿತ ಒಂದೇ ವಾಕ್ಯ

ಹಾಲಪ್ಪನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಕೇಶವ ಕನ್ನಡಿ ಮುಂದೆ ಗಡ್ಡ ಹೆರೆಯುತ್ತ ಇಂಗ್ಲಿಷ್ ಮಾತಾಡತೊಡಗಿದ ದಿನ. ಅಲ್ಲಿಯವರೆಗೆ ಇಬ್ಬರೂ ಅಣ್ಣತಮ್ಮಂದಿರ ಹಾಗೆಯೇ ಇದ್ದರು. ಹಾವೇರಿ ಕಡೆಯ ಹಾಲಪ್ಪ ಗುಜರಾತಿನ ವಡೋದರಾಕ್ಕೆ ಬಂದು, ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತ ತಲೆಗೂದಲು ನೆರೆಸಿಕೊಂಡಿದ್ದ. ಆಮೇಲೆ ಅದೇ ಕಡೆಯಿಂದ ಬಂದ ಕೇಶವನನ್ನು ಮಂಜಲ್‌ಪುರದ ತನ್ನ ರೂಮಿನಲ್ಲೇ ಇಟ್ಟುಕೊಂಡು ಕೆಲಸ ಕಲಿಸಿದವನೂ ಅವನೇ.

ಎರಡು ಸಾವಿರದ ಮೂರರಲ್ಲಿ ಕಾರ್ಖಾನೆಗೆ ವಿದೇಶದ ಗಿರಾಕಿ ಸಿಕ್ಕ. ಕಾಯಿಲ್ ಸುತ್ತುವವರಲ್ಲಿ ಒಬ್ಬನನ್ನು ಟೆಸ್ಟಿಂಗ್ ವಿಭಾಗಕ್ಕೆ ತಗೊಳ್ತೀವಿ, ಅವನು ಗಿರಾಕಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು ಅಂದರು ಕಾರ್ಖಾನೆಯ ಮ್ಯಾನೇಜರ್ ಪಟೇಲ್ ಸಾಹೇಬರು. ಟೆಸ್ಟಿಂಗ್ ಅಂದರೆ ಸುಮ್ಮನೆಯೇ? ಕುರ್ಚಿ, ಫ್ಯಾನು, ಖಾಯಂ ನೌಕರಿ! ಆ ಕುರ್ಚಿ ತನ್ನದೇ ಅಂತ ಹಾಲಪ್ಪ ಕೂತಿದ್ದರೆ, ಕೇಶವ ಸದ್ದಿಲ್ಲದೆ ಫತೇಗಂಜಿನ ಇಂಗ್ಲಿಷ್ ಕ್ಲಾಸಿಗೆ ಸೇರಿಬಿಟ್ಟ.

“ಅಣ್ಣಾ, ನೀನೂ ಕಲಿ. ಭಾಳ ಹಗುರ ಐತಿ. ನಮ್ಮಂಗ ‘ಕಾಯಿಲ್ ಸುತ್ತೀನಿ’ ಅನ್ನಂಗಿಲ್ಲ. ಮೊದಲು ‘ನಾನು’, ಆಮ್ಯಾಲೆ ‘ಸುತ್ತೀನಿ’, ಕಡೀಗೆ ‘ಕಾಯಿಲ್’. ಸುತ್ತಿ ಮುಗದೈತಿ ಅನ್ನಾಕ ನಡುವೊಂದು ‘ಹ್ಯಾವ್ ವೌಂಡ್’ ಹಾಕು, ಸಾಕು.”

“ನನಗ ಪಾಠ ಹೇಳ್ತೀಯೇನಲೇ? ನಿನಗ ತಂತಿ ಹಿಡಿಯಾಕ ಕಲಿಸಿದಾಂವ ನಾನು!”

ಹೀಗೆ ಗದರಿದವನು ಕಿವಿ ಮುಚ್ಚಿಕೊಂಡನೇ? ಎಲ್ಲಿಯ ಮಾತು! ಬೆಳಿಗ್ಗೆ ಉಪ್ಪಿಟ್ಟು ತಿರುವುತ್ತ ಕೇಶವನ ಒಂದೊಂದು ಮಾತನ್ನೂ ಕದ್ದು ಕೇಳುತ್ತಿದ್ದ. ಸೈಕಲ್ ತುಳಿಯುತ್ತ ಗೊಣಗುತ್ತಿದ್ದ: “ಐ ಕಾಯಿಲ್ ಹ್ಯಾವ್ ವೌಂಡ್.” ಥೂ! “ಐ ಹ್ಯಾವ್ ಕಾಯಿಲ್...” ಹಾಳಾದ ಕಾಯಿಲ್ ಮತ್ತೆ ನಡುವೆ ನುಗ್ಗಿತು! ಅಷ್ಟರಲ್ಲಿ ಕೇಶವ ಕ್ಯಾಂಟೀನಿನಲ್ಲಿ ಸಾಹೇಬರನ್ನು ಇಂಗ್ಲಿಷಿನಲ್ಲೇ ನಗಿಸುತ್ತಿದ್ದ. ಅದನ್ನು ಕಂಡ ದಿನ ಹಾಲಪ್ಪನಿಗೆ ಊಟ ಸೇರಲಿಲ್ಲ. ಹಟಕ್ಕೆ ಬಿದ್ದು ಕಡೆಗೂ ಒಂದು ವಾಕ್ಯ ಪಳಗಿಸಿಕೊಂಡ: “ಐ ಹ್ಯಾವ್ ವೌಂಡ್ ದಿಸ್ ಕಾಯಿಲ್.” ಇದನ್ನು ಸುತ್ತಿದವರು ಯಾರು ಅಂತ ಗಿರಾಕಿ ಒಮ್ಮೆ ಕೇಳಿದರೆ ಸಾಕಿತ್ತು.

ಗಿರಾಕಿ ಬಂದೇ ಬಂದ. ಸಾಲಾಗಿಟ್ಟ ಕಾಯಿಲ್‌ಗಳಲ್ಲಿ ಹಾಲಪ್ಪ ಸುತ್ತಿದ್ದರ ಮುಂದೆಯೇ ನಿಂತ! ಬೆರಳಿಟ್ಟು ಅದೇನೋ ಉದ್ದಕ್ಕೆ ಹೇಳಿದ. ಹಾಲಪ್ಪನ ತಲೆಗೆ ಒಂದಕ್ಷರ ಹೋಗಲಿಲ್ಲ. ಕೊನೆಯದು ಮಾತ್ರ ಗಂಟೆ ಹೊಡೆದಂತೆ ಕೇಳಿಸಿತು: “ಹೂ ಹ್ಯಾಸ್ ವೌಂಡ್ ದಿಸ್?”

ಹಾಲಪ್ಪ ಬಾಯಿ ತೆರೆಯುವುದರೊಳಗೆ ಕೇಶವ ಮುಂದೆ ಬಂದು, “ಐ ಹ್ಯಾವ್ ವೌಂಡ್ ಇಟ್, ಸರ್” ಅಂದುಬಿಟ್ಟ.

ಹಾಲಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಎದ್ದಿತು. ಕುರ್ಚಿಗೆ ಕಣ್ಣು ಹಾಕಿದ್ದು ಸಾಲದೆ ನನ್ನ ಕೈಕೆಲಸವನ್ನೂ ನುಂಗುತ್ತಾನಲ್ಲ ಈ ಕಳ್ಳ! ಕೇಶವನನ್ನು ಪಕ್ಕಕ್ಕೆ ತಳ್ಳಿ ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗಿದ: “ನೋ ಸರ್! ಐ ಹ್ಯಾವ್ ವೌಂಡ್ ದಿಸ್ ಕಾಯಿಲ್!”

ಒಂದು ಪದವೂ ಜಾಗ ತಪ್ಪಿರಲಿಲ್ಲ. ಹಾಲಪ್ಪ ಎದೆಯುಬ್ಬಿಸಿ ನಿಂತ.

ಪಟೇಲ್ ಸಾಹೇಬರ ಮುಖ ಕೆಂಪಾಗಿತ್ತು. ಹಿಂದಿಯಲ್ಲಿ ಹೇಳಿದರು: “ನೀನಾ? ತಂತಿಗೆ ಸುತ್ತಿದ ಕಾಗದ ಹರಿದು ಒಳಗಿನ ತಾಮ್ರ ಕಾಣ್ತಿದೆ. ಕರೆಂಟು ಕೊಟ್ಟರೆ ಸುಟ್ಟುಹೋಗುತ್ತೆ. ಆಗಿನಿಂದ ಇವರು ಹೇಳ್ತಿರೋದು ಅದನ್ನೇ.” ಆಮೇಲೆ ಕೇಶವನ ಕಡೆ ತಿರುಗಿದರು. “ನೀನ್ಯಾಕೆ ಸುಳ್ಳು ಹೇಳಿದೆ?”

ಕೇಶವ ತಲೆ ತಗ್ಗಿಸಿದ. “ಅಣ್ಣನ ಹೆಸರು ಕೆಡಬಾರದು ಅಂತ, ಸಾಹೇಬ್. ಟೆಸ್ಟಿಂಗ್ ಅವನಿಗೇ ಸಿಗಲಿ ಅಂತ.”

“ಇಬ್ಬರಿಗೂ ಇಲ್ಲ” ಅಂದರು ಸಾಹೇಬರು. “ಒಬ್ಬನಿಗೆ ಕೆಲಸದ ಮೇಲೆ ಗಮನ ಇಲ್ಲ, ಇನ್ನೊಬ್ಬ ಸುಳ್ಳುಗಾರ.”

ಗಿರಾಕಿ ಮುಂದಿನ ಸಾಲಿಗೆ ಹೋದ. ಹಾಲಪ್ಪನ ಕಣ್ಣು ಮಂಜಾಯಿತು. ಈಗಲಾದರೂ ಕೇಶವನ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲಾಗಲಿಲ್ಲ. ಒಳ್ಳೆಯತನದಲ್ಲೂ ಹಾಳಾದವನು ತನಗಿಂತ ಮುಂದೆ ಹೋಗಿಬಿಟ್ಟನಲ್ಲ ಅಂತ ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು.