ಅರಿಸಿನದ ಮೇಲೆ ಕೂತ ವೈಸು

ಮರಿಸಿದ್ದಯ್ಯನ ಬಲಭುಜ ನಲವತ್ತು ತುಂಬುವ ಮೊದಲೇ ಸೋತುಹೋಗಿತ್ತು. ಹನಕೆರೆ ಕಡೆಯ ಈ ಮನುಷ್ಯ ಮಂಡ್ಯದ ಪುಟ್ಟಸ್ವಾಮಿಯವರ ಕಬ್ಬಿಣದ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ದೊಡ್ಡ ಸುತ್ತಿಗೆ ಬೀಸುತ್ತಿದ್ದ. ಬೆಳಿಗ್ಗೆ ಎದ್ದರೆ ತಲೆಗೆ ವಸ್ತ್ರ ಸುತ್ತಿಕೊಳ್ಳುವುದಕ್ಕೂ ಕೈ ಮೇಲೇಳದು. ಹೆಂಡತಿ ಮಂಚಮ್ಮನೇ ಸುತ್ತಬೇಕು. ಸುತ್ತಿಗೆ ಬಿಟ್ಟರೆ ಹಿಟ್ಟಿಲ್ಲ, ಹಿಡಿದರೆ ತೋಳಿಲ್ಲ. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಯುದ್ಧ ನಡೆಯುತ್ತಿದ್ದ ನಲವತ್ತಮೂರನೇ ಇಸವಿಯಲ್ಲಿ ಪುಟ್ಟಸ್ವಾಮಿ ಎಲ್ಲಿಂದಲೋ ಒಂದು ಹಳೆಯ ಸಣ್ಣ ಮಿಲ್ಲಿಂಗ್ ಮಿಷನ್ನು ತಂದರು. ಮೇಲೆ ಹಲ್ಲಿನ ಚಕ್ರ ತಿರುಗುತ್ತದೆ, ಕೆಳಗೆ ಕಬ್ಬಿಣದ ಮೇಜು ಜರುಗುತ್ತದೆ. ಮೇಜಿನ ಮೇಲೆ ಕೂರಿಸಿದ ವೈಸಿನ, ಅಂದರೆ ಉಕ್ಕನ್ನು ಕಚ್ಚಿ ಹಿಡಿಯುವ ದೊಡ್ಡ ಇಕ್ಕಳದ, ಬಾಯಿಗೆ ಉಕ್ಕು ಕೊಟ್ಟು, ಹಿಡಿಕೆ ತಿರುಗಿಸುತ್ತ ನಿಂತರೆ ಸಾಕು, ಚಕ್ರವೇ ಹೆರೆಯುತ್ತದೆ. ಭುಜಕ್ಕೆ ಕೆಲಸವೇ ಇಲ್ಲ. ಆದರೆ ಮಿಷನ್ನಿಗೆ ವೈಸೇ ಇರಲಿಲ್ಲ.

“ಲೇ ಮರಿಸಿದ್ದ, ನಿನ್ ಕಣ್ಣು ಚುರುಕು ಕಣ್ಲಾ. ವೈಸು ನೀನೇ ಆರ್ಸು. ಮೊದಲ್ನೆ ಕೆಲ್ಸ ಸರಿಯಾಗ್ ಬಂದ್ರೆ ಮಿಷನ್ನು ನಿನ್ ಕೈಗೇ. ಸುತ್ತಿಗೆ ಬುಟ್ಬುಡು,” ಎಂದರು ಪುಟ್ಟಸ್ವಾಮಿ.

ಇಬ್ಬರೂ ರೈಲು ಹತ್ತಿ ಮೈಸೂರಿನ ಗುಜರಿ ಅಂಗಡಿಗೆ ಹೋದರು. ಅಲ್ಲಿದ್ದದ್ದು ಮೂರು. ಒಂದಕ್ಕೆ ಹಸಿರು ಬಣ್ಣ, ಕೋಣನ ತಲೆಯಷ್ಟು ಗಾತ್ರ. ಪುಟ್ಟಸ್ವಾಮಿ ಅದಕ್ಕೇ ಮನಸೋತರು. “ಮೇಜಿಂದ ಆಚ್ಗೆ ನಿಂತ್ಕತದೆ ಬುದ್ದಿ,” ಎಂದ ಮರಿಸಿದ್ದಯ್ಯ. ಇನ್ನೊಂದು ಎತ್ತರ ಹೆಚ್ಚು, ಚಕ್ರಕ್ಕೂ ಅದಕ್ಕೂ ನಡುವೆ ಜಾಗ ಉಳಿಯದು. ಮೂರನೆಯದು ತುಕ್ಕು ಹಿಡಿದ, ಗಿಡ್ಡನೆಯ, ನಾಲ್ಕಂಗುಲ ಬಾಯಿಯ ಬಡಪಾಯಿ. ಅದರ ಬಾಯಿಯ ಎರಡು ಕೊನೆಗೂ ಒಂದೊಂದು ಚೂರು ಕಾಗದ ಇಟ್ಟು ಬಿಗಿದು ಎಳೆದ. ಎರಡೂ ಒಂದೇ ಬಿಗಿಯಲ್ಲಿ ನಿಂತವು, ಬಾಯಿ ಓರೆಯಿಲ್ಲ. “ಇದೇ ಬುದ್ದಿ,” ಎಂದ. ಆವತ್ತು ಅವನು ಮಂಚಮ್ಮನಿಗೆ ಕೊಟ್ಟ ಮಾತು, ಇನ್ನು ನನ್ನ ತಲೆವಸ್ತ್ರ ನಾನೇ ಸುತ್ತಿಕೊಳ್ಳುತ್ತೇನೆ ಅಂತ.

ಎರಡು ದಿನ ಕೂತು ವೈಸಿನ ತಳದ ತುಕ್ಕು ತೆಗೆದ, ಅರ ಹಾಕಿ ಉಬ್ಬು ತಗ್ಗು ಉಜ್ಜಿದ, ಸೀಮೆಎಣ್ಣೆಯಲ್ಲಿ ತೊಳೆದ. ತಳ, ಮೇಜು ಎರಡೂ ಬರಿಮೈಯಲ್ಲಿ ಒಂದಕ್ಕೊಂದು ತಾಗಬೇಕು. ನಡುವೆ ಒಂದು ಕೂದಲು ಸಿಕ್ಕರೂ ಉಕ್ಕು ಓರೆ ಬರುತ್ತದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಹೊಸ ವೈಸನ್ನು ಪೂಜೆಗಿಡದೆ ಹೇಗೆ? ಮಾರನೆಯ ದಿನ ವಿಜಯದಶಮಿ, ಮೊದಲ ಕೆಲಸಕ್ಕೆ ಒಳ್ಳೆಯ ಗಳಿಗೆ. ಪುಟ್ಟಸ್ವಾಮಿಯ ತಾಯಿ ಮೀನಾಕ್ಷಮ್ಮ ಅರಿಸಿನ ಕಲಸಿ ಮೇಜಿಗೂ ವೈಸಿಗೂ, ತಳವನ್ನೂ ಬಿಡದೆ, ಧಾರಾಳವಾಗಿ ಬಳಿದರು. ಮನೆಯ ಅಳಿಯ ಲಿಂಗಯ್ಯ ಅದರ ಮೇಲೆಯೇ ವೈಸು ಕೂರಿಸಿ ಬೋಲ್ಟು ಬಿಗಿದ. ವರ್ಷವೆಲ್ಲ ಆ ಕಬ್ಬಿಣದ ಜೊತೆ ಹೆಣಗುವ ಮರಿಸಿದ್ದಯ್ಯ ಆವತ್ತು ಬಾಗಿಲಾಚೆ ಪ್ರಸಾದಕ್ಕೆ ನಿಂತಿದ್ದ. ಪೂಜೆಯ ದಿನ ಅವನ ಕೇರಿಯವರಿಗೆ ಜಾಗ ಅಲ್ಲೇ. ತಡೆಯಲಾರದೆ ಬಾಯಿಬಿಟ್ಟ.

“ಬುದ್ದಿ, ತಳವ ಒಸಿ ಒರಸ್ಬುಟ್ಟು ಕೂರ್ಸುದ್ರೆ...”

“ಪೂಜೆ ಮಾಡಿರೋ ಅರಿಸಿನವ ಒರಸ್ಬೇಕಾ? ಅದ್ನ ನೀನೇಳ್ಬೇಕಾ?” ಎಂದರು ಮೀನಾಕ್ಷಮ್ಮ.

ಪುಟ್ಟಸ್ವಾಮಿ ಕೆಟ್ಟವರಲ್ಲ, ತಾಯಿಗೆ ಎದುರಾಡದವರು ಅಷ್ಟೇ. ಒಳ್ಳೆಯತನ ಇಷ್ಟಕ್ಕೇ ನಿಂತುಬಿಟ್ಟರೆ ಅದರಿಂದ ಯಾರಿಗೆ ಉಪಯೋಗವೋ ನಾ ಕಾಣೆ. “ಒಂದ್ ಕೆಲ್ಸ ಆಗ್ಲಿ ಬುಡ್ಲಾ, ಆಮೇಲ್ ಒರಸ್ಕೊಳವಂತೆ,” ಎಂದರು.

ಆ ಒಂದು ಕೆಲಸವೇ ಅಲ್ಲವೇ ಅವನ ಹಣೆಬರಹ! ಮದ್ದೂರಿನ ಚಿಕ್ಕಬೋರಯ್ಯನವರ ಕಬ್ಬಿನ ಗಾಣಕ್ಕೆ ಉರುಳೆ ಕೂರುವ ಉಕ್ಕಿನ ಗಟ್ಟಿ ಎರಡು ಬೇಕಿತ್ತು. ಉಕ್ಕು ಸಿಗುವುದಕ್ಕೇ ನಾಲ್ಕು ತಿಂಗಳು ಕಾದಿದ್ದರು. ವಿಜಯದಶಮಿಯ ಬೆಳಿಗ್ಗೆ ಮರಿಸಿದ್ದಯ್ಯನನ್ನು ಒಳಗೆ ಕರೆದರು. ಅವನು ವೈಸಿಗೆ ಗಟ್ಟಿ ಸಿಕ್ಕಿಸಿದ, ಓರೆ ಕಂಡು ಒಂದು ಕಡೆ ಕಾಗದ ಕೊಟ್ಟು ಸಮ ಮಾಡಿದ. ಚಕ್ರ ತಿರುಗಿತು. ಮಿಷನ್ನು ನಡುಗಿದಂತೆಲ್ಲ ಒಣಗಿದ ಅರಿಸಿನ ತಳದಲ್ಲಿ ಪುಡಿಯಾಯಿತು, ಬೋಲ್ಟು ಸಡಿಲವಾಯಿತು. ನಿಲ್ಲಿಸಿ ಬಿಗಿದ. ಮತ್ತೆ ಸಡಿಲ, ಮತ್ತೆ ಬಿಗಿದ. ವೈಸು ಬಿಚ್ಚಿ ಒರೆಸೋಣವೆಂದರೆ ಮೀನಾಕ್ಷಮ್ಮ ಎದುರಿಗೇ ಮಣೆ ಹಾಕಿಕೊಂಡು ಕೂತಿದ್ದಾರೆ. ತನ್ನ ಕಣ್ಣೆದುರೇ ತನ್ನ ಕೆಲಸ ಕೆಡುತ್ತಿದ್ದರೂ ಅವನ ಕೈ ಹಿಡಿಕೆಯ ಮೇಲೇ ಇತ್ತು. ಕೊನೆಯ ಸುತ್ತಿನಲ್ಲಿ ವೈಸು ಜಾರಿ, ಚಕ್ರ ಗಟ್ಟಿಯನ್ನು ಕಚ್ಚಿ ಹಾಕಿತು.

“ಎಲ್ಲ ಕೈಗುಣ ಕಣಪ್ಪ,” ಎಂದು ಮೀನಾಕ್ಷಮ್ಮ ಎದ್ದು ಮನೆಗೆ ನಡೆದರು.

ಪುಟ್ಟಸ್ವಾಮಿ ತಾವೇ ಬೋಲ್ಟು ಬಿಚ್ಚಿ ವೈಸು ಎತ್ತಿದರು. ತಳದಲ್ಲಿ ಒಣಗಿದ ಅರಿಸಿನ ಹೆಕ್ಕಳಿಕೆಯಾಗಿ ಎದ್ದಿತ್ತು. ಮರಿಸಿದ್ದಯ್ಯನ ಮುಖ ನೋಡಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ತಳವನ್ನೂ ಮೇಜನ್ನೂ ಹೊಳೆಯುವಂತೆ ಒರೆಸಿ, ವೈಸು ಕೂರಿಸಿ, ಎರಡನೆಯ ಗಟ್ಟಿಯನ್ನು ಅಳಿಯ ಲಿಂಗಯ್ಯನ ಕೈಗೆ ಕೊಟ್ಟರು.

ಅದು ಮುಗಿದಾಗ ಸಂಜೆ ಐದು ಗಂಟೆ. ಮಟ್ಟ ಹಿಡಿದು ನೋಡಬಲ್ಲವನು ಆ ಕಾರ್ಖಾನೆಯಲ್ಲಿ ಒಬ್ಬನೇ ಇದ್ದ. “ನೋಡ್ಲಾ ಮರಿಸಿದ್ದ, ಎಂಗದೆ?” ಎಂದು ಅವನನ್ನೇ ಕೇಳಿದರು.

ಅವನು ಗಟ್ಟಿಯನ್ನು ನಾಲ್ಕು ಮೈಯಲ್ಲೂ ಬೆಳಕಿಗೆ ಹಿಡಿದು ನೋಡಿದ. ಸರಿ ಅಂದರೆ ಮಿಷನ್ನು ಲಿಂಗಯ್ಯನದು, ತನಗೆ ಮತ್ತೆ ಸುತ್ತಿಗೆ; ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಸರಿಯಾಗೇ ಅದೆ ಬುದ್ದಿ.”