ದೋಣಿ ಚಾಂದಮ್ಮ ಸತ್ತಿದ್ದ ನಾಲ್ಕು ತಾಸು

ಕನಸಿನಲ್ಲಿ ಕಂಡದ್ದು ಬೆಳಿಗ್ಗೆ ನಡೆದೇಹೋಯಿತು, ಸತ್ತವರು ಬಂದು ಮಾತಾಡಿಸಿದರು ಎಂದೆಲ್ಲ ಬರೆಯುವವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದಾಂಡೇಲಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವಳು ನಾನು. ಆಧಾರ ಎಲ್ಲಿದೆ, ಇಸವಿ ಯಾವುದು ಎಂದು ಕೇಳುವುದು ನನ್ನ ಚಾಳಿ. ಮನೆಯಲ್ಲಿ ಯಾರಾದರೂ ಶಕುನದ ಮಾತೆತ್ತಿದರೆ ನಕ್ಕು ಎದ್ದುಹೋಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನ್ನದೇನೂ ತಕರಾರಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಕಂಪ್ಯೂಟರಿನ ಪರದೆಯ ಮೇಲೆ ಕನ್ನಡ ಮೂಡುವುದೇ ಆಗ ಸೋಜಿಗ. ಏನೋ ಹುಡುಕುತ್ತ ಹೋದವಳಿಗೆ ಅಲ್ಲಿ ‘ಏಳುಹೊಳೆ’ ಸಿಕ್ಕಿತು. ಏಳುಹೊಳೆ ಎಂಬ ನಾಡು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಬೇರೆ ಬೇರೆ ಊರುಗಳ ಹತ್ತು ಹನ್ನೆರಡು ಮಂದಿ ಇಂಟರ್ನೆಟ್ಟಿನಲ್ಲಿ ಕೂಡಿಕೊಂಡು ಅದರ ಚರಿತ್ರೆ ಬರೆಯುತ್ತಿದ್ದರು. ಒಬ್ಬರು ಅರಸರ ವಂಶಾವಳಿ ನೋಡಿಕೊಂಡರೆ ಇನ್ನೊಬ್ಬರದು ಯುದ್ಧ, ಮತ್ತೊಬ್ಬರದು ಅಡುಗೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಿತ್ತು. ಯಾರು, ಯಾವ ಹೊತ್ತಿಗೆ, ಏನು ತಿದ್ದಿದರು ಎಂಬುದು ನಿಮಿಷದ ಲೆಕ್ಕದಲ್ಲಿ ಅಲ್ಲೇ ದಾಖಲಾಗುತ್ತಿತ್ತು. ಬೇಡವೆನಿಸಿದರೆ ಒಂದು ಗುಂಡಿ ಒತ್ತಿ ಪುಟವನ್ನು ಹಿಂದಿನಂತೆ ಮಾಡಬಹುದಿತ್ತು. ಮೂರೇ ವಾರದಲ್ಲಿ ನಾನು ಅದರ ಕಾಲಪಟ್ಟಿಯ ಉಸ್ತುವಾರಿ ಹೊತ್ತುಕೊಂಡೆ. ಇಲ್ಲದ ನಾಡಿನಲ್ಲೂ ಇಸವಿ ತಪ್ಪಬಾರದು ಎಂಬ ಹಟ ನನ್ನದು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಪಾತ್ರವನ್ನು ಹುಟ್ಟಿಸಿದವರೇ ಅದರ ಸಾವನ್ನೂ ಬರೆಯಬೇಕು. ಬೇರೆಯವರು ಆ ಪಾತ್ರಕ್ಕೆ ಮದುವೆ ಮಾಡಿಸಬಹುದು, ಜಗಳ ಹಚ್ಚಬಹುದು, ಕೈಕಾಲನ್ನೂ ಮುರಿಯಬಹುದು. ಸಾಯಿಸುವಂತಿಲ್ಲ.

‘ಪಾನಾ’ ಎಂಬ ಹೆಸರಿನಲ್ಲಿ ಒಬ್ಬ ಬರೆಯುತ್ತಿದ್ದ. ವಿಚಾರಿಸಿದರೆ ನಮ್ಮ ಪಕ್ಕದ ಹಳಿಯಾಳದವನೇ! ಗಾಡಿ ರಿಪೇರಿ ಮಾಡುವ ರಫೀಕ, ಬೋಲ್ಟು ಬಿಚ್ಚುವ ಪಾನಾವನ್ನೇ ತನ್ನ ಹೆಸರು ಮಾಡಿಕೊಂಡಿದ್ದ. ಒಮ್ಮೆ ಭೇಟಿಯಾಗಿ ಫೋನ್ ನಂಬರು ಕೊಟ್ಟುಕೊಂಡಿದ್ದೆವು. ಅವನು ಹುಟ್ಟಿಸಿದವಳು ದೋಣಿ ಚಾಂದಮ್ಮ. ಮೂರನೆಯ ಹೊಳೆಯಲ್ಲಿ ದೋಣಿ ನಡೆಸುವವಳು, ಅರಸ ಬಂದರೂ ಗದರಿಸಿ ಮೂಲೆಯಲ್ಲಿ ಕೂರಿಸುವವಳು. ಏಳುಹೊಳೆಯವರಿಗೆಲ್ಲ ಅವಳೆಂದರೆ ಪ್ರಾಣ. ಆದರೆ ನಮ್ಮ ಚರಿತ್ರೆ ಮುಂದೆ ಮುಂದೆ ಸಾಗಿ ಅವಳಿಗೆ ನೂರಾ ಹದಿನೆಂಟು ವರ್ಷ ತುಂಬಿತ್ತು. ಇನ್ನೂ ದೋಣಿಯ ಹುಟ್ಟು ಹಾಕುತ್ತಲೇ ಇದ್ದಳು. ನನ್ನ ಪಟ್ಟಿಯಲ್ಲಿ ಆ ತಲೆಮಾರಿನವರ ಪೈಕಿ ಮರಣದ ಕಾಲಂ ಖಾಲಿ ಉಳಿದದ್ದು ಅವಳದೊಂದೇ.

ಒಂದು ಸಲ ಫೋನಿನಲ್ಲೇ ಕೇಳಿದೆ. “ಅಕಿನ್ನ ಬಿಡ್ರಿ ಅಕ್ಕೋರ, ಇರ್ಲಿ ಅಕಿ,” ಎಂದು ಮಾತು ಬದಲಿಸಿದ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ.

ಆ ವರ್ಷ ಚರಿತ್ರೆಯ ಮೊದಲ ಭಾಗವನ್ನು ಪುಸ್ತಕ ಮಾಡೋಣ ಎಂಬ ಮಾತು ಬಂತು. ನಾನು ರಫೀಕನಿಗೆ ಎರಡು ಸಲ ಬರೆದೆ. ಹದಿನೈದು ದಿನವಾದರೂ ಉತ್ತರವಿಲ್ಲ. ದಸರಾ ರಜೆಯ ಒಂದು ಮಧ್ಯಾಹ್ನ ಕೆಫೆಯಲ್ಲಿ ಕುಳಿತಿದ್ದಾಗ ಆ ಖಾಲಿ ಜಾಗ ನನ್ನನ್ನು ಬಹಳ ಕಾಡಿತು. ಕಟ್ಟಳೆ ಮುರಿದೆ. ‘ಚಾಂದಮ್ಮ ಆಶ್ವೀಜದ ಒಂದು ಮಧ್ಯಾಹ್ನ ದೋಣಿ ಕಟ್ಟಿ, ಒಂದು ಕಾಲು ನೀರಿನಲ್ಲಿಟ್ಟುಕೊಂಡು, ದಂಡೆಗೆ ಒರಗಿ ಕುಳಿತಲ್ಲೇ ಕಣ್ಣು ಮುಚ್ಚಿದಳು’ ಎಂದು ಬರೆದು ಇಸವಿ ತುಂಬಿದೆ. ಆಗ ಹನ್ನೆರಡು ನಲವತ್ತು. ಪಟ್ಟಿ ಭರ್ತಿಯಾದ ಸಮಾಧಾನದಲ್ಲಿ ಮನೆಗೆ ಹೋಗಿ ಊಟ ಮಾಡಿ ಅಡ್ಡಾದೆ.

ಮೂರು ಗಂಟೆಗೆ ಫೋನು ಬಂತು. ರಫೀಕ.

“ಅಕ್ಕೋರ, ಚಾಂದಮ್ಮಗ ಯಾರರ ಏನರ ಮಾಡ್ಯಾರೇನ್ರಿ?”

ಅವನು ಹಳಿಯಾಳದ ಆಸ್ಪತ್ರೆಯಲ್ಲಿದ್ದ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ಜೈನಬಿ, ಅವನ ಬಾಯಲ್ಲಿ ಆಪಾ. ತಮ್ಮನ ಸಲುವಾಗಿ ಮದುವೆಯನ್ನೂ ಆಗದೆ ಉಳಿದವಳು. ಆಗ ಅರವತ್ತರ ಹತ್ತಿರ. ಮಧ್ಯಾಹ್ನದ ನಮಾಜಿಗೆಂದು ಹಿತ್ತಲಿನಲ್ಲಿ ಕೈಕಾಲು ತೊಳೆಯಲು ಕುಳಿತವಳು ಹಾಗೇ ಗೋಡೆಗೆ ಒರಗಿಬಿಟ್ಟಿದ್ದಳಂತೆ.

“ಒಂದ್ ಕಾಲ್ ಇನ್ನೂ ಬಕೀಟನ್ಯಾಗ ಇತ್ರಿ. ಎಷ್ಟ್ ಎಬ್ಬಿಸಿದ್ರೂ ಏಳವಲ್ಲಳು. ಸಂಜೀತನಾ ನೋಡೂಣು ಅಂತಾರ ಡಾಕ್ಟರು,” ಎಂದ. ಆಮೇಲೆ ದನಿ ತಗ್ಗಿಸಿದ. “ಚಾಂದಮ್ಮ ಅಂದ್ರ ನಮ್ಮ ಆಪಾನ ರೀ. ಹ್ವಾದ ವರ್ಷ ಯಾರೋ ಚಾಂದಮ್ಮನ ಕೈ ಮುರೀತು ಅಂತ ಬರದ್ರು. ಅದ ವಾರ ಆಪಾ ಬಿದ್ದು ಕೈ ಮುರಕೊಂಡ್ಲು. ಹುಚ್ಚ ಅನ್ರಿ, ಏನರ ಅನ್ರಿ, ಒಂದ್ ಸಲ ನೋಡ್ರಿ ಅಕ್ಕೋರ.”

ನೋಡುತ್ತೇನೆ ಎಂದೆ. ನಾನೇ ಬರೆದೆ ಎಂದು ಹೇಳಲು ಬಾಯಿ ಬರಲಿಲ್ಲ. ಕಾಲು ಬಕೀಟಿನಲ್ಲಿತ್ತು ಎಂದಾಗಲೇ ನಾನು ಚಪ್ಪಲಿ ಮೆಟ್ಟಿದ್ದೆ.

ಕೆಫೆಗೆ ಓಡಿದರೆ ಕರೆಂಟಿಲ್ಲ. ಮಾಲೀಕ ಚಹಾ ತರಿಸಿ, ನಾಳೆ ಬರ್ರಿ ಎಂದ. ಸತ್ತ ಪರದೆಯ ಮುಂದೆ ಕುಳಿತು ನನ್ನೊಂದಿಗೇ ವಾದಕ್ಕಿಳಿದೆ. ವಯಸ್ಸಾದ ಹೆಂಗಸಿಗೆ ತಲೆಸುತ್ತು ಬಂದರೆ ಅದಕ್ಕೂ ನನ್ನ ಕಾಲಪಟ್ಟಿಗೂ ಏನು ಸಂಬಂಧ? ಸಂಬಂಧವಿಲ್ಲ ಎಂದು ಹತ್ತು ಸಲ ಹೇಳಿಕೊಂಡೆ. ಆದರೂ ಕುರ್ಚಿ ಬಿಟ್ಟು ಏಳಲಾಗಲಿಲ್ಲ. ನಾಲ್ಕೂವರೆಗೆ ಕರೆಂಟು ಬಂತು. ಆಗಿನ ಇಂಟರ್ನೆಟ್ಟು ಗೊತ್ತಲ್ಲ, ಪುಟ ತೆರೆದುಕೊಳ್ಳುವಷ್ಟರಲ್ಲಿ ಜೀವ ಬಾಯಿಗೆ ಬಂತು. ಗುಂಡಿ ಒತ್ತಿದೆ. ನನ್ನ ಸಾಲು ಅಳಿಸಿ ಕಾಲಂ ಮತ್ತೆ ಖಾಲಿಯಾಯಿತು. ನಾಲ್ಕು ನಲವತ್ತೆರಡು ಎಂದು ದಾಖಲಾಯಿತು. ನನಗೆ ಅಳು ಬಂತು. ನಾಚಿಕೆಯೂ ಆಯಿತು.

ಏಳು ಗಂಟೆಗೆ ರಫೀಕ ಮತ್ತೆ ಫೋನು ಮಾಡಿದ. ಅಕ್ಕ ಎಚ್ಚರಾಗಿದ್ದಳು.

“ಅಸರ್ ಬಾಂಗ್ ಆಗಾಕತ್ತಿತ್ರಿ. ಒಮ್ಮಿಗ್ಲೇ ಕಣ್ಣ ತಗದು, ಇನ್ನೊಂದ್ ಕಾಲ್ ತೊಳಿಯೂದೈತಿ ಅಂದ್ಲು ನೋಡ್ರಿ!”

ಸಂಜೆಯ ನಮಾಜಿಗೆ ಕರೆಯುವ ಆ ಬಾಂಗ್ ಆಗುವುದು ಆ ದಿನಗಳಲ್ಲಿ ಐದರೊಳಗೇ, ನಾನು ಗುಂಡಿ ಒತ್ತಿದ ಆಸುಪಾಸಿಗೇ. ಇದನ್ನು ನಾನು ಎಷ್ಟು ಬಗೆಯಲ್ಲಿ ತೂಗಿ ನೋಡಿದ್ದೇನೋ ಲೆಕ್ಕವಿಲ್ಲ. ಡಾಕ್ಟರು ಸಕ್ಕರೆ, ರಕ್ತದೊತ್ತಡ ಎಂದು ಏನೇನೋ ಹೇಳಿದ್ದರು, ಸಲಾಯಿನ್ ಹಚ್ಚಿದ್ದರು. ಅದರಿಂದಲೇ ಎಚ್ಚರಾಗಿರಬಹುದು. ಗಡಿಯಾರಗಳು ಐದು ಹತ್ತು ನಿಮಿಷ ಆಚೀಚೆ ಇರಬಹುದು. ಜೈನಬಿ ಗೋಡೆಗೆ ಒರಗಿದ್ದು ಮೊದಲೋ ನಾನು ಬರೆದದ್ದು ಮೊದಲೋ ಎಂಬುದೂ ಗೊತ್ತಿಲ್ಲ, ಅವಳೊಬ್ಬಳೇ ಇದ್ದಳು. ಹಾಗಿದ್ದರೆ ಬರೆದದ್ದು ನಡೆಯಿತೋ, ನಡೆದದ್ದನ್ನೇ ನಾನು ಬರೆದೆನೋ? ಮತ್ತೆ ಆ ನೀರಿನಲ್ಲಿದ್ದ ಕಾಲು? ದೋಣಿಯವಳ ಸಾವು ಬರೆಯಲು ಕಾಲಿನ ಮಾತೇ ಬೇಕಿರಲಿಲ್ಲ. ಅದು ನನ್ನ ಬೆರಳಿಗೆ ಎಲ್ಲಿಂದ ಬಂತು? ಆಧಾರ ಕೇಳುವವಳ ಹತ್ತಿರ ಇದಕ್ಕೆ ಆಧಾರವಿಲ್ಲ.

ಹದಿನೈದು ದಿನ ಬಿಟ್ಟು ಹಳಿಯಾಳಕ್ಕೆ ಹೋಗಿ ಇಬ್ಬರೆದುರೂ ತಪ್ಪೊಪ್ಪಿಕೊಂಡೆ. ರಫೀಕ ತಲೆ ತಗ್ಗಿಸಿ ಕುಳಿತ. ಜೈನಬಿಗೆ ಮಾತ್ರ ನಗು ತಡೆಯಲಾಗಲಿಲ್ಲ. “ನೀರ್ ಕಂಡ್ರ ಅಂಜತೇನಿ ನಾ. ನನ್ನ ಕಡೆ ದೋಣಿ ನಡಸಾಕ ಹಚ್ಚೀಯೇನೋ?” ಎಂದು ತಮ್ಮನ ಬೆನ್ನಿಗೊಂದು ಗುದ್ದಿದಳು.

ಪುಸ್ತಕ ಆಗಲಿಲ್ಲ. ಏಳುಹೊಳೆಯವರು ಒಬ್ಬೊಬ್ಬರಾಗಿ ಚದುರಿದರು. ಯಾರೋ ಪುಣ್ಯಾತ್ಮರು ಆ ತಾಣವನ್ನು ಉಳಿಸಿಕೊಂಡು ಬಂದಿದ್ದಾರೆ. ಈಗ ಅದನ್ನು ತೆರೆದು ನೋಡುವವರು ನಾನು, ರಫೀಕ ಇಬ್ಬರೇ ಇರಬೇಕು.

ಜೈನಬಿಗೆ ಎಂಬತ್ತು ಕಳೆದಿದೆ. ಕಣ್ಣು ಹೋಗಿವೆ, ಎರಡು ವರ್ಷದಿಂದ ಹಾಸಿಗೆಯಲ್ಲೇ ಎಲ್ಲ. ಕಳೆದ ತಿಂಗಳು ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡಳು. “ಇನ್ನರ ಬರದ್ ಬಿಡ ಬೇಟಿ. ಭಾಳ ಸಾಕಾಗೇತಿ.” ರಫೀಕ ಎದ್ದು ಹೊರಗೆ ಹೋದ.

ಮೊಬೈಲಿನಲ್ಲಿ ಚಾಂದಮ್ಮನ ಪುಟ ತೆರೆದೆ. ನಾನು ನಂಬುವುದಿಲ್ಲವಾದರೆ ಬರೆಯಲು ಹೆದರಬೇಕಾದ್ದೇನು? ನಂಬುತ್ತೇನೆಂದರೆ, ಅಷ್ಟು ಬಳಲಿದವಳು ಕೇಳಿದ್ದನ್ನು ತಡೆದಿಡಲು ನಾನು ಯಾರು? ಒಂದಕ್ಷರವನ್ನೂ ಒತ್ತಲಿಲ್ಲ. ಕಡೆಗೆ ಮೊಬೈಲನ್ನು ಚೀಲಕ್ಕೆ ಹಾಕಿ, “ಬರದೆ ಆಪಾ,” ಎಂದೆ. ಅವಳು ನನ್ನ ಕೆನ್ನೆ ಸವರಿ, ಗೋಡೆಯ ಕಡೆ ಮಗ್ಗುಲಾಗಿ ಮಲಗಿದಳು.

ಮರುದಿನ ಬೆಳಗಿನ ಆರು ಗಂಟೆಗೆ ರಫೀಕನ ನಂಬರಿನಿಂದ ಫೋನು ಬಂತು. ಸುದ್ದಿ ಏನೆಂದು ಊಹಿಸಿಕೊಂಡೇ ಎತ್ತಿಕೊಂಡೆ. ಆದರೆ ಆ ಕಡೆಯಿಂದ ಬಂದದ್ದು ಜೈನಬಿಯ ದನಿ.

“ಸುಳ್ಳ ಯಾಕ ಹೇಳಿದಿ ಬೇಟಿ? ನೀ ಬರದೇ ಇಲ್ಲ.”